ಚೂರು ಬೀಳದ ಕೆಂಪು ದೀಪ

2025ರ ಫೆಬ್ರುವರಿ 9, ಭಾನುವಾರ. ಸಂಜೆ ಏಳೂ ಮುಕ್ಕಾಲಿಗೆ ವಿಶ್ವನಾಥಪ್ಪನವರು ಮಹಾರಾಷ್ಟ್ರದ ಸಂಭಾಜಿನಗರದ ಹೊರಗಿನ ಹೆದ್ದಾರಿ ಠಾಣೆಯ ಮೆಟ್ಟಿಲು ಹತ್ತಿದರು. ಹಿರಿಯ ಮಗ ರವಿಕಾಂತ ಇನ್ನಿಲ್ಲವೆಂದು ಆಸ್ಪತ್ರೆಯವರು ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ.

ಇನ್‌ಸ್ಪೆಕ್ಟರ್ ಶಶಿಕಾಂತ ಉದಗೀರದ ಕಡೆಯವನು, ಮನೆಮಾತು ಕನ್ನಡ. ಹಣೆಯ ವಿಭೂತಿ ಕಂಡು ಎದ್ದು ನಿಂತ.

"ಕೂಡ್ರಿ ಕಾಕಾ."

"ಸಾಹೇಬ್ರ, ಮುಂಜಾನಿ ನಾಶಿಕದ ರೇಸ್ ಟ್ರ್ಯಾಕ್‌ನ್ಯಾಗ ನೂರಾ ಐವತ್ತರಾಗ ಗಾಡಿ ಓಡಿಸ್ಯಾನ. ಮೈಮ್ಯಾಲ ಒಂದು ಗೀರು ಬಿದ್ದಿಲ್ಲ. ಮನಿಗಿ ಬರಾಗ ನಲವತ್ತರಾಗ ಹ್ಯಾಂಗ ಹೋದ?"

"ನಲವತ್ತೇ ಅಂತ ಹ್ಯಾಂಗ ಗೊತ್ತು?"

"ಅವರ ಅವ್ವಗ ಮಾತು ಕೊಟ್ಟಿದ್ದ. ಜೋರ ಹೊಡಿಯೋದು ಟ್ರ್ಯಾಕ್‌ನ್ಯಾಗ ಅಷ್ಟೇ, ರಸ್ತಾದಾಗ ಇಲ್ಲ ಅಂತ. ಮಂದಿ ಈಗಲೇ ಅನ್ನಲತ್ತಾರ, ರೇಸಿನ ಹುಡುಗ, ತನ್ನ ಕೈಯಿಂದ ತಾನೇ ಸತ್ತ ಅಂತ. ನನಗ ಖರೇ ಏನಂತ ಗೊತ್ತಾಗಬೇಕು."

ಎಫ್‌ಐಆರ್ ದಾಖಲಾಯಿತು. ಆರೋಪಿ, ದ್ರಾಕ್ಷಿ ಸಾಗಿಸುವ ಪಿಕಪ್ ಚಾಲಕ ಮುತ್ತು. ಆರೂ ಐವತ್ತಕ್ಕೆ ಹಿಂದಿನಿಂದ ಬೈಕಿಗೆ ಗುದ್ದಿದವನು ಓಡಿಹೋಗಿರಲಿಲ್ಲ. ರವಿಕಾಂತನ ಫೋನಿನಿಂದ ಅವನ ತಮ್ಮನಿಗೆ ತಿಳಿಸಿ, ಗಾಯಾಳುವನ್ನು ತಾನೇ ಆಸ್ಪತ್ರೆಗೆ ಮುಟ್ಟಿಸಿ, ಠಾಣೆಗೆ ಬಂದು ಕುಳಿತಿದ್ದ.

"ಮುಂದ ನಾಯಿ ಅಡ್ಡ ಬಂತ್ರಿ. ಅವ ಬ್ರೇಕ್ ಹಾಕ್ಯಾನ. ಹಿಂದಿನ ದೀಪ ಹತ್ತಲೇ ಇಲ್ಲ, ಆಣಿ ಮಾಡಿ ಹೇಳ್ತೀನಿ."

"ಎಲ್ಲಾ ಡ್ರೈವರ್ ಮಂದಿಗೂ ಇದೊಂದೇ ಪಾಠ ಬಾಯಿಪಾಠ ನೋಡು," ಎಂದಳು ಹೆಡ್ ಕಾನ್‌ಸ್ಟೆಬಲ್ ಗುಣವತಿ.

ಜಾಮೀನಿಗೆ ನಿಲ್ಲುವವರಿಲ್ಲದೆ ಮರುದಿನ ಮುತ್ತು ಜೈಲಿಗೆ ಹೋದ.

ಅದೇ ದಿನ ಬೆಳಿಗ್ಗೆ ಆರೂವರೆಗೆ ಸ್ಥಳ ಪಂಚನಾಮೆ ನಡೆಯಿತು. ಅಪಘಾತವಾಗಿ ಅರ್ಧ ಗಂಟೆಯಾದಾಗಿನಿಂದಲೂ ಇಬ್ಬರು ಪೇದೆಗಳು ಜಾಗ ಕಾದಿದ್ದರು. ಪಿಕಪ್ಪಿನ ದೀಪದ ಬಿಳಿ ಚೂರುಗಳು ರಸ್ತೆ ತುಂಬ ಹರಡಿದ್ದವು. ಬೈಕಿನ ಹಿಂದಿನ ದೀಪವೂ ಒಡೆದಿತ್ತು. ಆದರೆ ಗುಣವತಿ ಬಗ್ಗಿ ಬಗ್ಗಿ ಹುಡುಕಿದರೂ ಕೆಂಪು ಚೂರು ಒಂದೂ ಸಿಗಲಿಲ್ಲ.

"ಸಾಹೇಬ್ರ, ಕೆಂಪಿನ ಮಟ್ಟಿಗಿ ಯಾರೋ ಕಸ ಹೊಡದಂಗ ಅದ. ನಮ್ಮ ಠಾಣೆನೂ ಇಷ್ಟು ಸ್ವಚ್ಛ ಇರಲ್ಲ."

ಶಶಿಕಾಂತ ನಗಲಿಲ್ಲ. ಎದುರಿಗೆ ಚಹಾದಂಗಡಿ ಇಟ್ಟುಕೊಂಡಿದ್ದ ಕಮಲಾಬಾಯಿಯನ್ನು ಕೇಳಿದ.

"ಪಿಕಪ್ ಹೋದ ಮ್ಯಾಲ ಗಾಡಿ ಹತ್ರ ಯಾರ ಬಂದ್ರು?"

"ಒಬ್ಬ ಹುಡುಗ ಬಂದ. ಅಣ್ಣಾ ಅಣ್ಣಾ ಅಂತ ಅಳ್ತಿದ್ದ. ಆಸ್ಪತ್ರಿಗಿ ಒಯ್ದಾರ ಅಂತ ನಾನೇ ಹೇಳ್ದೆ. ಗಾಡಿ ಹಿಂದ ಕುಂತು ಏನೋ ಕಿತ್ತು ಕಿಸೆದಾಗ ಇಟ್ಕೊಂಡು ಹೋದ."

ಬುಧವಾರ ಗುಣವತಿ ನಾಶಿಕದ ಟ್ರ್ಯಾಕಿಗೆ ಫೋನು ಮಾಡಿದಳು. ಅಲ್ಲಿನವರು ತಮ್ಮ ನಿಯಮ ವಿವರಿಸಿದರು. ಟ್ರ್ಯಾಕಿಗಿಳಿಯುವ ಪ್ರತಿ ಬೈಕಿನ ದೀಪಗಳಿಗೂ ಕಪ್ಪು ಟೇಪು ಸುತ್ತಬೇಕು. ಬಿದ್ದು ಒಡೆದರೆ ಚೂರುಗಳು ಟೇಪಿಗೇ ಅಂಟಿಕೊಂಡಿರುತ್ತವೆ, ಇನ್ನೊಬ್ಬರ ಚಕ್ರಕ್ಕೆ ಸಿಗುವುದಿಲ್ಲ. ಬ್ರೇಕಿನ ಕೆಂಪು ಬೆಳಕಿಗೆ ಹಿಂದಿನವನು ಬೆದರುವುದೂ ಇಲ್ಲ.

ಟ್ರ್ಯಾಕಿನ ಲೆಕ್ಕವೇ ಬೇರೆ ಎಂದುಕೊಂಡ ಶಶಿಕಾಂತ. ಅಲ್ಲಿ ಎಲ್ಲರದೂ ಒಂದೇ ದಿಕ್ಕು. ನಾಯಿಯಿಲ್ಲ, ಎದುರು ಗಾಡಿಯಿಲ್ಲ, ಆಂಬುಲೆನ್ಸು ಕಾಯುತ್ತಾ ನಿಂತಿರುತ್ತದೆ. ಅಲ್ಲಿ ಕಾಯುವ ಟೇಪೇ ರಸ್ತೆಯಲ್ಲಿ ಕೊಲ್ಲುತ್ತದೆಂದರೆ ಯಾರು ತಾನೇ ನಂಬಿಯಾರು?

ಅಂದೇ ಸಂಜೆ ನಾಲ್ಕಕ್ಕೆ ಇಬ್ಬರೂ ವಿಶ್ವನಾಥಪ್ಪನವರ ಮನೆಗೆ ಹೋದರು. ಶೇಂದ್ರಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಕಿರಿಯ ಮಗ ಶಿವಕಾಂತ ಬಾಗಿಲು ತೆರೆದ.

"ಟೇಪ್ ಎಲ್ಲದ, ಶಿವಕಾಂತ?"

ಅವನು ವಾದಿಸಲಿಲ್ಲ. ಒಳಗಿನಿಂದ ಕರವಸ್ತ್ರದ ಗಂಟು ತಂದು ಬಿಚ್ಚಿದ. ಕಪ್ಪು ಟೇಪಿಗೆ ಕೆಂಪು ಚೂರುಗಳು ಹಾಗೇ ಅಂಟಿಕೊಂಡಿದ್ದವು.

"ಟೇಪ್ ಸುತ್ತಿದವ್ನೂ ನಾನೇ ರಿ. ಮುಂದಿಂದು ತೆಗದೆ. ಟ್ರ್ಯಾಕಿನಿಂದ ಹೊಂಟಾಗ ಅಣ್ಣ ಕೇಳ್ದ, ಹಿಂದಿಂದೂ ತೆಗದೀಯೇನೋ ಅಂತ. ನಾ ಫೋನ್‌ನ್ಯಾಗ ಇದ್ದೆ. ನೋಡಲಾರದೇ ಹೂಂ ಅಂದೆ. ನನ್ನ ಗಾಡಿ ಮ್ಯಾಲ ನಾನೇ ಮುಂದ ಹೋಗಿದ್ದೆ, ಹಿಂದ ಇದ್ದಿದ್ರ ಕಾಣ್ತಿತ್ತು."

"ಮುತ್ತು ಜೇಲಿನ್ಯಾಗ ಅದಾನ, ಗೊತ್ತಿತ್ತಲ್ಲ?"

"ಗೊತ್ತಿತ್ರಿ. ದಿನಾ ಠಾಣೆ ತನಕ ಬಂದು ಹೊಳ್ಳಿ ಹೋದೆ. ಅವ್ವ ಮೂರು ದಿನದಿಂದ ನನ್ನ ಕೈಯಿಂದಷ್ಟೇ ಗಂಜಿ ಕುಡೀಲತ್ತಾಳ. ಕೊಂದ ಕೈ ಇದೇ ಅಂತ ಹ್ಯಾಂಗ ಹೇಳ್ಲಿ?"

ಸಾಕ್ಷ್ಯ ನಾಶದ ಆರೋಪದ ಮೇಲೆ ನಾಲ್ಕೂ ನಲವತ್ತಕ್ಕೆ ಶಿವಕಾಂತನನ್ನು ಬಂಧಿಸಲಾಯಿತು. ಟೇಪಿನ ಜಪ್ತಿ ಪಂಚನಾಮೆಗೆ ನೆರೆಯವರಿಬ್ಬರು ಸಹಿ ಹಾಕಿದರು. ಅವನ ಬಾಯಿ ಮುಚ್ಚಿಸಿದ್ದು ಕಾನೂನಿನ ಭಯವಲ್ಲ, ತಾಯಿಯ ಮುಖ ಎಂದು ಶಶಿಕಾಂತ ಕೇಸ್ ಡೈರಿಯಲ್ಲಿ ಬರೆದ.

ತಾಯಿ ಶಾಂತಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅವ ಮುಂಜಾನಿಂದ ಉಂಡಿಲ್ರಿ," ಎಂದರು. "ಉಣಸಿ ಕಳಸ್ತೀನಿ."

ಗುಣವತಿ ಸಾಹೇಬರ ಮುಖ ನೋಡಿದಳು. ಶಶಿಕಾಂತ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ. ಶಾಂತಾಬಾಯಿ ರೊಟ್ಟಿ ಮುರಿದು ಮಗನ ಬಾಯಿಗಿಟ್ಟರು. ಅವನು ಅಳುತ್ತಲೇ ಉಂಡ.

ವಿಶ್ವನಾಥಪ್ಪನವರು ಕನ್ನಡಕ ಹಾಕಿಕೊಂಡರು.

"ನನ್ನ ಫಿರ್ಯಾದಿನ್ಯಾಗ ಆ ಮುತ್ತೂನ ಮ್ಯಾಲ ಬಾಳ ಕಠೋರ ಬರಸೀನಿ, ಸಾಹೇಬ್ರ. ಇನ್ನೊಂದು ಹೇಳಿಕೆ ಬರಕೋರಿ. ಅವನ ಜಾಮೀನಿಗೆ ನಾನೇ ನಿಲ್ತೀನಿ."

ಹೇಳಿಕೆಗೆ ಸಹಿಯಾದ ಮೇಲೆ ಅವರು ಕಿರಿಮಗನ ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು.

"ಶಿವನೇ, ನನ್ನ ರವಿಕಾಂತಗ ಯಾರ ಮ್ಯಾಲೂ ಸಿಟ್ಟು ಉಳಿಯದಂಗ ನೋಡ್ಕೋ. ಅವನ ಜೀವ ನಿನ್ನ ಪಾದದಾಗ ತಣ್ಣಗ ಇರಲಿ."