ಕಲ್ಲಿನ ಮೇಲಿಟ್ಟ ಉಪ್ಪು

ಕಳ್ಳ ಎರಡು ಗುಟುಕು ಕುಡಿಯುವುದರೊಳಗೆ ವಾಂತಿ ಮಾಡಿಕೊಂಡ. ಕಲಬುರಗಿಯ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನ, ನೆರಳಿನಲ್ಲಿ ನಿಂತಿದ್ದ ಮುದುಕನೊಬ್ಬನ ಬಗಲಚೀಲಕ್ಕೆ ಕೈಹಾಕಿ ಒಂದು ಪೊಟ್ಟಣ ಎಗರಿಸಿದ್ದ. ಕಂಬದ ಮರೆಗೆ ಓಡಿ, ನೀರಿಗೆ ಕಲಸಿ ಬಾಯಿಗೆ ಸುರಿದುಕೊಂಡದ್ದಷ್ಟೇ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಜನ ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಒಬ್ಬರು ಅಂದದ್ದಕ್ಕೆ ಎಲ್ಲರೂ ನಕ್ಕರು. ಆ ಬಿಸಿಲಿನಲ್ಲಿ ವಾಂತಿ ಮಾಡಿಕೊಂಡವನು ಬದುಕಿದನೋ ಸತ್ತನೋ ಯಾರೂ ವಿಚಾರಿಸಲಿಲ್ಲ. ನೋಡಿದವರು ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ಚೀಲ ಹಂಚಿದ ಇಲಾಖೆಯವರು ತಮ್ಮ ಜಾಹೀರಾತಿಗೆ ಬಳಸಿಕೊಂಡರು.

ಇದು ಈ ಶತಮಾನ ಅರ್ಧ ದಾಟಿದ ಮೇಲಿನ ಮಾತು. ಆ ಹೊತ್ತಿಗೆ ಬೇಸಿಗೆ ಎಂಬುದು ಋತುವಾಗಿ ಉಳಿದಿರಲಿಲ್ಲ, ಆಪತ್ತಾಗಿತ್ತು. ಗಾಳಿಯಲ್ಲಿ ಬಿಸಿಯ ಜೊತೆಗೆ ತೇವವೂ ಸೇರಿಕೊಂಡರೆ ಮೈಯ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ನೆರಳಿನಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದ ಆಳೂ ಸಾಯುತ್ತಾನೆ. ಅಂಥ ಗಾಳಿ ಬರುವ ಮೊದಲು ಊರೂರಲ್ಲಿ ಸೈರನ್ ಕೂಗುತ್ತಿತ್ತು. ಸೈರನ್ ಕೂಗಿದಾಗ ಮನೆಗೆ ಓಡಲು ಎಲ್ಲರಿಗೂ ಆಗುವುದಿಲ್ಲವಲ್ಲ. ಅದಕ್ಕೇ ಬಗಲಚೀಲ.

ಊಟದ ಡಬ್ಬಿಯಷ್ಟು ದೊಡ್ಡ ಚೀಲ. ಹೆಂಗಸರು ಸೆರಗಿನಡಿ, ಗಂಡಸರು ಅಂಗಿಯ ಮೇಲೆ ಹಾಕಿಕೊಳ್ಳುತ್ತಿದ್ದರು. ಒಳಗೆ ಮಡಿಸಿಟ್ಟ ನೀರಿನ ಬುದ್ದಲಿ, ಕುತ್ತಿಗೆಗೆ ಸುತ್ತಿಕೊಳ್ಳುವ ತಂಪುಪಟ್ಟಿ, ಸೀಟಿ, ಕೈದೀಪ, ಗಾಯದ ಪಟ್ಟಿ, ಹೆಸರು ಮತ್ತು ರಕ್ತದ ಗುಂಪು ಕೊರೆದ ಬಿಲ್ಲೆ. ಇವೆಲ್ಲ ಮೊದಲಿನಿಂದಲೂ ಇದ್ದ ಸಾಮಾನುಗಳೇ. ಹೊಸದೆಂದರೆ ಜೀವಲವಣದ ಪೊಟ್ಟಣ, ತಲೆಗೆ ವಾರಕ್ಕೆ ಮೂರು. ಉಪ್ಪು, ಸಕ್ಕರೆ, ಜೊತೆಗೆ ಕಾದ ಮೈಯ ಜೀವಕೋಶಗಳು ಮೊಟ್ಟೆ ಬೆಂದಂತೆ ಗಟ್ಟಿಯಾಗದ ಹಾಗೆ ತಡೆಯುವ ಒಂದು ಔಷಧ. ಒಂದು ಪೊಟ್ಟಣ ಕುಡಿದವರು ಬಿಸಿಗಾಳಿ ಇಳಿಯುವತನಕ ಬದುಕುತ್ತಿದ್ದರು. ಜನ ಅದನ್ನು ಉಪ್ಪಿನ ಪೊಟ್ಟಣ ಎಂದೇ ಕರೆದರು.

ಮೊದಲ ವರ್ಷ ಗಟ್ಟಿ ಕೈಯವರು ಬಡಪಾಯಿಗಳಿಂದ ಅದನ್ನು ಕಿತ್ತುಕೊಂಡರು. ಎಳೆಯರೂ ಮುದುಕರೂ ಖಾಲಿ ಚೀಲ ಹೊತ್ತು ಸತ್ತರು. ಆಗ ಡಾಕ್ಟರ್ ಇಂದುಮತಿ ಅಷ್ಟಗಿ ಎಂಬ ರಸಾಯನ ವಿಜ್ಞಾನಿ ಅಂಗೈಪೊರೆಯನ್ನು ಕಂಡುಹಿಡಿದಳು. ಒಬ್ಬೊಬ್ಬರ ಅಂಗೈ ಬೆವರೂ ಒಂದೊಂದು ಬಗೆ, ಮುಖಚಹರೆ ಇದ್ದ ಹಾಗೆ. ಪೊಟ್ಟಣಕ್ಕೆ ಸುತ್ತಿದ ಪೊರೆ ಒಡೆಯರ ಬೆವರನ್ನು ಗುರುತಿಟ್ಟುಕೊಳ್ಳುತ್ತದೆ. ಬೇರೆ ಕೈ ಎತ್ತಿಕೊಂಡರೆ ವಾಂತಿ ತರಿಸುವ ರಸವೊಂದನ್ನು ಉಪ್ಪಿಗೆ ಬಿಡುತ್ತದೆ, ಚೀಲದ ನೆನಪಿನಲ್ಲಿ ಕಳವು ಎಂದು ಬರೆಯುತ್ತದೆ. ಹಾಗಾದರೆ ಯಾರಿಗಾದರೂ ಮನಸಾರೆ ಕೊಡಬೇಕಾದರೆ? ಇಂದುಮತಿ ಅದನ್ನೂ ಯೋಚಿಸಿದ್ದಳು. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕ್ಷಣಕಾಲ ಒಟ್ಟಿಗೆ ಪೊಟ್ಟಣವನ್ನು ಹಿಡಿದಿದ್ದರೆ ಸಾಕು, ಪೊರೆ ಹೊಸ ಕೈಯನ್ನು ಒಪ್ಪಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ನೂರಾರು ಜನ ಕೊಟ್ಟು ತೆಗೆದುಕೊಂಡು ನೋಡಿದರು. ಒಂದು ಸಲವೂ ತಪ್ಪಲಿಲ್ಲ.

ಪ್ರಯೋಗಾಲಯದಲ್ಲಿ ಅದರ ಹೆಸರು ಉಪ್ಪಾಗಿರಲಿಲ್ಲ, ಮಾದರಿ ಎಂದಾಗಿತ್ತು. ಮಾದರಿಯನ್ನು ಕೈಯಿಂದ ಕೈಗೆ ಕೊಡಲು ಯಾರಿಗೇನು ಅಂಜಿಕೆ?

ಕಾಗಿಣಾ ನದಿಯ ಆಚೆ ಬೆಳ್ಳಕುಂಟಿ ಎಂಬ ಊರಿನ ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಯಲ್ಲಿ ಭೀಮಬಾಯಿ, ಗೌರಾಬಾಯಿ ಕೆಲಸ ಮಾಡುತ್ತಿದ್ದರು. ಅಣ್ಣತಮ್ಮಂದಿರ ಹೆಂಡಿರು, ಓರಗಿತ್ತಿಯರು. ಇಬ್ಬರದೂ ಎಣ್ಣೆ ಸೀಗೇಕಾಯಿ. ಗಂಡಂದಿರು ಸತ್ತ ಮೇಲೂ ಒಂದೇ ಮನೆ, ಎರಡು ಒಲೆ. ಭೀಮಬಾಯಿಯ ಮಗಳು ನಿಹಾರಿಕಾ ಮಾತ್ರ ಎರಡೂ ಒಲೆಯ ಮುಂದೆ ಉಂಡು ಬೆಳೆದವಳು. ಹುಡುಗಿ ಚಿಗವ್ವ ಎಂದು ಕರೆಯುತ್ತಿದ್ದ ಗೌರಾಬಾಯಿಗೆ ಮಕ್ಕಳಿರಲಿಲ್ಲ. ಓರಗಿತ್ತಿಯ ಮೇಲಿನ ಸಿಟ್ಟೆಲ್ಲ ಅವಳ ಮಗಳ ತಟ್ಟೆಗೆ ತುಪ್ಪವಾಗಿ ಬೀಳುತ್ತಿತ್ತು.

ಆ ದಿನ ಸೈರನ್ ಕೂಗಿದಾಗ ಇಬ್ಬರೂ ಖಣಿಯ ತಳದಲ್ಲಿದ್ದರು. ಬೆಳಗಿನ ಸೈರನ್ನಿಗೇ ಭೀಮಬಾಯಿಯ ಕೊನೆಯ ಪೊಟ್ಟಣ ಮುಗಿದಿತ್ತು. ಗೌರಾಬಾಯಿಯ ಚೀಲದಲ್ಲಿ ಎರಡಿದ್ದವು, ಬೆಳಗಿನದನ್ನು ಹಲ್ಲು ಕಚ್ಚಿ ಉಳಿಸಿಕೊಂಡಿದ್ದಳು. ಭೀಮಬಾಯಿಯ ತುಟಿ ಬಿಳಿಚಿಕೊಂಡು ಮಾತು ತೊದಲತೊಡಗಿತು. ಗೌರಾಬಾಯಿ ನೋಡಿದಳು. ಆ ಹೊತ್ತು ಅವಳಿಗೆ ಹಳೆಯ ಜಗಳ ಯಾವುದೂ ನೆನಪಾಗಲಿಲ್ಲ. ಇವಳು ಸತ್ತರೆ ತಾನು ಯಾರೊಡನೆ ಜಗಳವಾಡಲಿ ಎಂದಷ್ಟೇ ಅನ್ನಿಸಿತು. ಒಂದು ಪೊಟ್ಟಣ ತೆಗೆದಳು.

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ಪಡೆದವರಿಗೂ ಜಗಳವಾಗುತ್ತದೆ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ, ತಾಯಿಯ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಓಡಾಡಿದ ಮಕ್ಕಳಿಗೆಲ್ಲ ಗೊತ್ತು. ಉಪ್ಪನ್ನು ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಜನ್ಮವೆಲ್ಲ ಜಗಳವಾಡಿದ ಓರಗಿತ್ತಿಗೆ ಮೊದಲ ಸಲ ಮನಸಾರೆ ಏನನ್ನೋ ಕೊಡುವಾಗ ಗೌರಾಬಾಯಿ ಆ ನೇಮವನ್ನು ಮುರಿಯುತ್ತಾಳೆಯೇ? ಪೊಟ್ಟಣವನ್ನು ಕಲ್ಲಿನ ಮೇಲೆ ಇಟ್ಟಳು. ಭೀಮಬಾಯಿ ಎತ್ತಿಕೊಂಡು ಕುಡಿದಳು. ಕುಡಿದು, ವಾಂತಿ ಮಾಡಿಕೊಂಡು, ಮೈಯಲ್ಲಿದ್ದ ಚೂರುಪಾರು ನೀರನ್ನೂ ಕಳೆದುಕೊಂಡು ಅಲ್ಲೇ ಸತ್ತಳು.

ಚೀಲದ ನೆನಪು ಕಳವು ಎಂದಿತು. ಊರು ಇನ್ನೊಂದು ಮಾತು ಹೇಳಿತು: ಗೌರಾಬಾಯಿ ವಿಷ ಹಾಕಿದಳು. ವಿಚಾರಣೆಗೆ ಬಂದ ಬಗಲಚೀಲ ಯೋಜನೆಯ ನಿರ್ದೇಶಕ ವಿದ್ಯಾಧರ ಕಟ್ಟಿ, ಜೊತೆಗೆ ಇಂದುಮತಿಯನ್ನೂ ಕರೆತಂದಿದ್ದ. ಪಂಚಾಯಿತಿ ಕಟ್ಟಡದಲ್ಲಿ ಗೌರಾಬಾಯಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು.

"ನಾನೇ ಕೊಟ್ಟೀನ್ರಿ. ಆಕಿ ಕಸಗೊಂಡಿಲ್ಲ, ಕದ್ದಿಲ್ಲ. ಕಲ್ಲಿನ ಮ್ಯಾಲ ಇಟ್ಟೆ, ತಗೊಂಡಳು."

ಇಂದುಮತಿ ಅದನ್ನು ಕೇಳಿಸಿಕೊಂಡಳು, ಅರ್ಥವಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಪಲ್ಯ ಸಪ್ಪೆ ಎನಿಸಿ ಕಟ್ಟಿಯ ಕಡೆ ಕೈಚಾಚಿ ಉಪ್ಪು ಕೇಳಿದಳು. ಅವನು ಕೈಗೆ ಕೊಡಲಿಲ್ಲ. ಡಬ್ಬಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟ. ಅವಳು ಎತ್ತಿಕೊಂಡು ಚಿಟಿಕೆ ಹಾಕಿಕೊಂಡಳು. ಹಾಕಿಕೊಂಡ ಕೈ ಹಾಗೇ ನಿಂತಿತು. ತನ್ನ ಮನೆಯಲ್ಲಿ ಹುಟ್ಟಿದಾಗಿನಿಂದ ಕಂಡದ್ದು, ತಾನೂ ದಿನಾ ಮಾಡಿದ್ದು. ಇಷ್ಟು ಓದಿ, ಇಷ್ಟು ಪ್ರಯೋಗ ಮಾಡಿ, ತನ್ನ ಕೈ ಏನು ಮಾಡುತ್ತದೆ ಎಂದು ತಾನೇ ನೋಡಿರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಕಟ್ಟಿಗೆ ಎಲ್ಲವನ್ನೂ ಹೇಳಿದಳು. ಅವನು ಮೂರ್ಖನಲ್ಲ, ತಕ್ಷಣ ಅರ್ಥವಾಯಿತು. ಪೊರೆ ತಪ್ಪು ಮಾಡಿದೆ ಎಂದು ಈಗ ಒಪ್ಪಿಕೊಂಡರೆ ರಾಜ್ಯದ ಚೀಲಗಳನ್ನೆಲ್ಲ ಹಿಂದಕ್ಕೆ ತರಿಸಬೇಕಾಗುತ್ತದೆ, ನಡುಬೇಸಿಗೆಯಲ್ಲಿ ಜನ ಬರಿಗೈಯಲ್ಲಿ ನಿಲ್ಲುತ್ತಾರೆ ಎಂದ. ಹೊಸ ಪೊರೆ ಬರುವತನಕ ಸುಮ್ಮನಿರೋಣ, ಸತ್ತವಳಂತೂ ಸತ್ತಳು ಎಂದ. ಇಂದುಮತಿ ವಾದ ಮಾಡಿದಳು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಿಲ್ಲದ ಮಾತಿಗೆ ಸೋಲುವುದು ಸುಲಭ, ಅದರಲ್ಲೂ ಸೋತರೆ ತನ್ನ ಹೆಸರು ಉಳಿಯುವುದಿದ್ದರೆ.

ಅವರು ಹೊರಗೆ ಬಂದಾಗ ನಿಹಾರಿಕಾ ಬಾಗಿಲಲ್ಲಿ ನಿಂತಿದ್ದಳು. ಊರೂ ನಿಂತಿತ್ತು. ಹುಡುಗಿ ಅತ್ತು ಅತ್ತು ಬತ್ತಿದ್ದಳು, ದನಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮವ್ವ ಕದ್ದಾಳೇನ್ರಿ ಮೇಡಂ? ಇಲ್ಲಾ ಚಿಗವ್ವ ಏನರೆ ಹಾಕಿ ಕೊಟ್ಟಾಳ? ಯಾವುದು ಖರೇ ಹೇಳ್ರಿ."

ಅತ್ತ ದರಿ ಇತ್ತ ಪುಲಿ. ಇವೆರಡೂ ಅಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಇಂದುಮತಿ ಕಟ್ಟಿಯ ಮುಖ ನೋಡಿದಳು.

"ಚೀಲ ಸುಳ್ಳು ಹೇಳುವುದಿಲ್ಲಮ್ಮ" ಎಂದಳು.

ಕಾರು ಹತ್ತುವ ಮುಂಚೆ ಅವಳ ಎದೆ ತಡೆಯಲಿಲ್ಲ. ಗೌರಾಬಾಯಿಯನ್ನು ಬೇವಿನ ಮರದ ಮರೆಗೆ ಕರೆದು, ಪೊರೆಯ ವಿಷಯವನ್ನು ತಗ್ಗಿದ ದನಿಯಲ್ಲಿ ತಿಳಿಸಿದಳು. ಕೆಳಗೆ ಇಟ್ಟದ್ದಕ್ಕೇ ಹಾಗಾಯಿತು, ಅದರಲ್ಲಿ ನಿಮ್ಮ ತಪ್ಪಿಲ್ಲ, ಇನ್ನು ಮುಂದೆ ಕೊಡುವುದಾದರೆ ಕೈಯಲ್ಲೇ ಕೊಡಿ ಎಂದಳು. ಗೌರಾಬಾಯಿ ಬಾಗಿಲಲ್ಲಿ ನಿಂತಿದ್ದ ನಿಹಾರಿಕಾಳ ಕಡೆ ಕೈ ತೋರಿಸಿದಳು.

"ಈ ಮಾತು ಆ ಹುಡುಗಿ ಮುಂದ ಹೇಳ್ರಿ" ಎಂದಳು. "ನನಗ ಬ್ಯಾರೆ ಏನೂ ಬ್ಯಾಡ."

ಇಂದುಮತಿ ಕಾರು ಹತ್ತಿದಳು.

ಮುಂದಿನ ಬೇಸಿಗೆಯತನಕ ಆ ಮನೆಯಲ್ಲಿ ನಡೆದದ್ದನ್ನು ಬದುಕು ಎನ್ನಲಾಗದು. ಹುಡುಗಿ ಚಿಗವ್ವನ ಒಲೆಯ ಮುಂದೆ ಕೂರಲಿಲ್ಲ. ತಾಯಿಯನ್ನು ಕಳ್ಳಿ ಎನ್ನಲು ಅವಳಿಂದ ಆಗಲಿಲ್ಲ, ಹಾಗಾಗಿ ಉಳಿದದ್ದು ಒಂದೇ. ಗೌರಾಬಾಯಿ ಪೊರೆಯ ಕತೆಯನ್ನು ನೂರು ಸಲ ಹೇಳಿದಳು. ಎಲ್ಲರ ಮುಂದೆ ಮೇಡಂ ಹಾಗೆ ಅನ್ನಲಿಲ್ಲವಲ್ಲ ಎಂದು ಹುಡುಗಿ ಕೇಳುತ್ತಿದ್ದಳು. ಗೌರಾಬಾಯಿ ಬಡಿಸಿಟ್ಟ ತಟ್ಟೆಗಳನ್ನು ನಾಯಿ ಉಂಡಿತು. ನಾಯಿ ಸಾಯಲಿಲ್ಲ ನೋಡು ಎಂದೂ ಅವಳು ಒಂದು ದಿನ ಹೇಳಿ ನೋಡಿದಳು. ಅಷ್ಟು ಕೀಳಾಗಿ ತನ್ನ ಪರ ತಾನೇ ಮಾತಾಡಬೇಕಾಯಿತಲ್ಲ ಎಂದು ಆಮೇಲೆ ಹಿತ್ತಲಲ್ಲಿ ಕೂತು ಅತ್ತಳು.

ಊರು ಮಾತ್ರ ಪಾಠ ಕಲಿತಿತ್ತು. ಕೊಟ್ಟವರು ಕೊಲೆಗಾರರು, ಪಡೆದವರು ಕಳ್ಳರು. ಹಾಗಾಗಿ ಕೊಡುವುದೂ ಬೇಡ, ಪಡೆಯುವುದೂ ಬೇಡ. ಪಕ್ಕದವರು ಬಿದ್ದರೆ ಜನ ತಮ್ಮ ಚೀಲದ ಬಾಯಿ ಬಿಗಿದುಕೊಂಡು ಬೇರೆ ಕಡೆ ನೋಡುತ್ತಿದ್ದರು. ಹೊಸ ಪೊರೆ ಇನ್ನೂ ಪರೀಕ್ಷೆಯಲ್ಲೇ ಇತ್ತು.

ಗೌರಾಬಾಯಿಯ ಚೀಲವನ್ನು ವಿಚಾರಣೆಗೆಂದು ಒಯ್ದವರು ತಿರುಗಿ ಕೊಡಲಿಲ್ಲ, ಹೊಸದನ್ನೂ ಕೊಡಲಿಲ್ಲ. ಚೀಲವಿಲ್ಲದವರು ಖಣಿಗೆ ಇಳಿಯಬಾರದು ಎಂದು ನಿಯಮವಿತ್ತು. ಹೊಟ್ಟೆಗೂ ಒಂದು ನಿಯಮವಿತ್ತು. ಅವಳು ಇಳಿದಳು. ತಾಯಿಯ ಜಾಗಕ್ಕೆ ಸೇರಿದ್ದ ನಿಹಾರಿಕಾ ಕಲ್ಲಿನ ಆ ಬದಿ, ಗೌರಾಬಾಯಿ ಈ ಬದಿ.

ಸೈರನ್ ಕೂಗಿತು, ಬಿಸಿಗಾಳಿ ಬಂತು. ಉಳಿದವರು ಮೇಲಿನ ಮೆಟ್ಟಿಲ ನೆರಳಿಗೆ ಹತ್ತಿಹೋಗಿದ್ದರು, ಗೌರಾಬಾಯಿಗೆ ಏಳಲಾಗಲಿಲ್ಲ. ನಿಹಾರಿಕಾ ತನ್ನ ಪೊಟ್ಟಣ ಕುಡಿದಳು. ಮೆಟ್ಟಿಲಿನತ್ತ ಹೊರಟವಳು ನಿಂತು ತಿರುಗಿದಳು. ಇವಳು ಕೊಲೆಗಾತಿ ಎಂದು ವರ್ಷವೆಲ್ಲ ಅಂದುಕೊಂಡ ಮನಸ್ಸಿನೊಳಗೆ, ತಟ್ಟೆಗೆ ತುಪ್ಪ ಹಾಕುತ್ತಿದ್ದ ಚಿಗವ್ವನೂ ಇದ್ದಳು. ಹುಡುಗಿ ಚೀಲದಿಂದ ಎರಡನೆಯ ಪೊಟ್ಟಣ ತೆಗೆದಳು.

ಗೌರಾಬಾಯಿ ಅಂಗೈ ಚಾಚಿದಳು. "ಕೈಯಾಗೇ ಕೊಡವ್ವ. ಜಗಳ ಆದ್ರ ಆಗಲಿ."

ನಿಹಾರಿಕಾ ಕೊಡಲಿಲ್ಲ. ನಿಜ ಏನೆಂದು ಅವಳಿಗೆ ತಿಳಿಯಬೇಕಾಗಿತ್ತು. ತಾಯಿ ಸತ್ತಂದಿನಿಂದ ಅದೊಂದೇ ಬೇಕಾಗಿತ್ತು. ಪೊಟ್ಟಣವನ್ನು ಕಲ್ಲಿನ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ಚೀಲ ಸುಳ್ಳು ಹೇಳಂಗಿಲ್ಲ ಅಂದಾರ. ಇದರಾಗ ನಾ ಏನೂ ಹಾಕಿಲ್ಲ. ತಗೋ."

ಗೌರಾಬಾಯಿ ಹುಡುಗಿಯ ಮುಖ ನೋಡಿದಳು, ಕಲ್ಲು ನೋಡಿದಳು. ನಾನು ಈ ಪೊಟ್ಟಣ ಕುಡಿದು ಬದುಕಿದರೆ ಪೊರೆಯ ಕತೆ ಸುಳ್ಳಾಗಿ ವಿಷ ಹಾಕಿದವಳಾಗುತ್ತೇನೆ. ಸತ್ತರೆ ಕೊಟ್ಟವಳಾಗುತ್ತೇನೆ. ಕುಡಿಯದೆ ಸತ್ತರೆ ಹುಡುಗಿ ಹಣ್ಣು ಮುದುಕಿಯಾಗುವತನಕ ನನ್ನನ್ನು ದ್ವೇಷಿಸುತ್ತಾಳೆ. ಇದನ್ನೆಲ್ಲ ಲೆಕ್ಕ ಹಾಕುವಷ್ಟು ಎಚ್ಚರ ಅವಳಿಗಿತ್ತೋ ಇಲ್ಲವೋ. ಪೊಟ್ಟಣವನ್ನು ಎತ್ತಿಕೊಂಡಳು, ನೀರಿಗೆ ಕಲಸಿ ಪೂರ್ತಿ ಕುಡಿದಳು.

ಮೊದಲ ವಾಂತಿಗೇ ನಿಹಾರಿಕಾಗೆ ಎಲ್ಲವೂ ತಿಳಿದುಹೋಯಿತು. ಓಡಿಬಂದು, ಚೀಲದಲ್ಲಿ ಉಳಿದಿದ್ದ ಕೊನೆಯ ಪೊಟ್ಟಣವನ್ನು ಚಿಗವ್ವನ ಅಂಗೈಗೆ ಒತ್ತಿ, ತನ್ನ ಕೈಯಿಂದ ಆ ಕೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು. ಪೊರೆ ಒಪ್ಪಿಕೊಂಡಿತು, ಹೊಟ್ಟೆ ಒಪ್ಪಲಿಲ್ಲ. ಕುಡಿಸಿದ್ದೆಲ್ಲ ಹೊರಬಂತು. ಹುಡುಗಿ ತಪ್ಪಾಯಿತು ಎನ್ನುತ್ತಲೇ ಇದ್ದಳು. ಗೌರಾಬಾಯಿ ಅವಳ ಕೆನ್ನೆಯನ್ನು ಒಮ್ಮೆ ಮುಟ್ಟಿದಳು.

"ಈಗ ನಂಬಿದಿಯಲ್ಲ" ಎಂದಳು. ಅಷ್ಟು ಹೇಳಿ ಸತ್ತಳು.

ಬೇಸಿಗೆ ಮುಗಿದ ಮೇಲೆ ವರದಿ ಇಂದುಮತಿಯ ಮೇಜಿಗೆ ಬಂತು. ಯೋಜನೆ ಗೆದ್ದಿತ್ತು, ಚೀಲ ಹೊತ್ತವರಲ್ಲಿ ಸತ್ತವರು ತೀರ ಕಡಿಮೆ. ಪೊಟ್ಟಣಗಳು ಕೈ ಬದಲಿಸಿದ್ದೂ ತೀರ ಕಡಿಮೆ, ಅದನ್ನು ಶಿಸ್ತು ಎಂದು ಹೊಗಳಿದ್ದರು. ಬೆಳ್ಳಕುಂಟಿಯ ಹೆಸರಿನ ಮುಂದೆ ಒಂದು ಸಾಲಿತ್ತು: ಖಣಿಯಲ್ಲಿ ಕಳವಿನ ಪ್ರಯತ್ನ, ಪೊರೆ ಕೆಲಸ ಮಾಡಿದೆ, ಚೀಲದ ಒಡತಿ ಕ್ಷೇಮ. ಇಂದುಮತಿ ಆ ಸಾಲನ್ನು ಓದಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳು ನಾಚಿದಳು, ಅತ್ತಳು, ಆದರೆ ವರದಿಯನ್ನು ತಿದ್ದಲಿಲ್ಲ. ಕಟ್ಟಿ ಪೇಡೆಯ ಡಬ್ಬಿ ಕಳಿಸಿದ್ದ.

ಆ ಬೇಸಿಗೆ ಇನ್ನೂ ಬಂದಿಲ್ಲ. ಆದರೆ ಆಪತ್ತಿಗೆಂದು ಚೀಲ ಕಟ್ಟಿಡುವ ಬುದ್ಧಿವಂತರು ಈಗಲೇ ನಮ್ಮಲ್ಲಿದ್ದಾರೆ, ಬಹುಶಃ ನೀವೂ ಒಬ್ಬರು. ನೀರು, ದೀಪ, ಔಷಧ, ಬಿಸ್ಕತ್ತು ಎಲ್ಲ ಸರಿಯಾಗಿಯೇ ಇಟ್ಟಿರುತ್ತೀರಿ. ಒಮ್ಮೆ ಬಿಚ್ಚಿ, ಒಳಗೆ ಪಕ್ಕದವರಿಗೆಂದು ಎರಡನೆಯ ಲೋಟ ಇದೆಯೇ ನೋಡಿ.