ಮಿಕ್ಕ ಎಣ್ಣೆ

“ಎಣ್ಣೆ ಅಚ್ಚೋದಾದ್ರೆ ಅಚ್ಚಿ ಮೇಡಂ. ಮಿಕ್ಕಿದ್ದನ್ನ ಮಾತ್ರ ನಿಮ್ಮ ಮೈಗೆ ಒರೆಸ್ಕೋಬೇಡಿ. ಬಚ್ಚಲ ಕಲ್ಲಿಗೆ ಬಳಿದ್ಬುಟ್ಟು ಈಚೆಗೆ ಬನ್ನಿ.”

ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳ ಕೊನೆಯಲ್ಲಿ, ಗಂಗರತ್ನಮ್ಮನ ಬಾಗಿಲು ಇನ್ನೂ ಹತ್ತು ಮಾರು ಇರುವಾಗಲೇ ಆಶಾ ಕಾರ್ಯಕರ್ತೆ ಕಲಾ ನಿಂತುಬಿಟ್ಟಳು. ಈ ಕಡೆಗೆ ವರ್ಗವಾಗಿ ಬಂದು ತಿಂಗಳೂ ತುಂಬದ ನರ್ಸ್ ಸುಮಿತಾ ನಕ್ಕಳು.

“ಅಜ್ಜಿಯ ಚರ್ಮದ್ದು ಅಂಟುರೋಗ ಅಲ್ಲ ಕಲಾ. ಹೆತ್ತವರಿಂದ ಮಕ್ಕಳಿಗೆ ಬರೋದು. ಮುಟ್ಟಿದರೆ ಬರಲ್ಲ.”

“ಚರ್ಮ ಅಂಟ್ತದೆ ಅಂತ ನಾನೆಲ್ಲಿ ಅಂದೆ? ಅಂಟೋದು ಬ್ಯಾರೆ ಅದೆ. ಮಾಟ.”

“ಹಾಗಾದರೆ ಅದಕ್ಕೂ ಒಂದು ಇಂಜೆಕ್ಷನ್ ಬರೆಸಿಬಿಡೋಣ ಬಿಡು.”

ಹೊರಗೆ ಕಣ್ಣು ಕುಕ್ಕುವ ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟರೆ ಕತ್ತಲು. ಹೊಗೆಯ, ಹಳೆಯ ಹರಳೆಣ್ಣೆಯ, ಮುಗ್ಗಲು ಗೋಣಿಯ ವಾಸನೆ. ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದು ಮಣ್ಣು ಗಾಳಿಗೆ ಎದ್ದು ತಗಡಿನ ಸೂರಿನ ಮೇಲೆ ಸರಸರನೆ ಸುರಿಯುತ್ತಿತ್ತು. ಗಂಗರತ್ನಮ್ಮ ಬಚ್ಚಲಲ್ಲಿ ಕುಳಿತು ಇಟ್ಟಿಗೆ ಚೂರಿನಿಂದ ಮೊಳಕಾಲು ಕೆರೆದುಕೊಳ್ಳುತ್ತಿದ್ದಳು. ಉದುರಿದ ಪೊರೆ ಕಲ್ಲಿನ ಮೇಲೆ ಮೀನಿನ ಹುರುಪೆಯ ಹಾಗೆ ಬಿದ್ದಿತ್ತು. ಹುಟ್ಟುತ್ತಲೇ ತೊಟ್ಟು ಬಂದ ಕವಚ. ಯಾವ ಬಾಣವನ್ನೂ ತಡೆಯದ ಕವಚ.

ಸುಮಿತಾ ಇಟ್ಟಿಗೆ ಕಿತ್ತುಕೊಂಡಳು. “ಕೆರೀಬಾರದು ಅಜ್ಜಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೆತ್ತಗೆ ಒತ್ತಿ ಒರೆಸಿ, ಪಸೆ ಆರೋದರೊಳಗೆ ಎಣ್ಣೆ ಹಚ್ಚಬೇಕು. ದಿನಾ. ವಾಸಿ ಆಗೋದಲ್ಲ, ಹತೋಟೀಲಿ ಇರುತ್ತೆ. ನಿಮಗೆ ಬೆವರೂ ಕಮ್ಮಿ, ಬಿಸಿಲಿಗೆ ಹೋಗಬೇಡಿ.”

“ಎಲ್ಲಾ ಸರಿ ಕಣವ್ವ. ಬೆನ್ನಿಗೆ ಯಾರು ಅಚ್ತಾರೆ?”

ಅದಕ್ಕೆ ಸುಮಿತಾಳ ಚೀಲದಲ್ಲಿ ಮದ್ದಿರಲಿಲ್ಲ. ತಾನೇ ಸೆರಗು ಸಿಕ್ಕಿಸಿ ಕುಳಿತಳು. ಕೈ ತಾಗಿದ್ದೇ ಮುದುಕಿಯ ಬೆನ್ನು ನಡುಗಿತು. ಒಣನೆಲ ಮೊದಲ ಹನಿಯನ್ನು ಹೀರುವಂತೆ ಆ ಮೈ ಎಣ್ಣೆಯನ್ನು ಹೀರಿತು. ಮುದುಕಿ ಕಣ್ಣು ಮುಚ್ಚಿ, ಎದೆಹಾಲು ಸಿಕ್ಕ ಕೂಸಿನಂತೆ ಸಣ್ಣಗೆ ಮುಲುಗಿದಳು.

ಹಚ್ಚಿ ಮುಗಿದಾಗ ಅಂಗೈಯಲ್ಲಿ ಒಂದಿಷ್ಟು ಮಿಕ್ಕಿತ್ತು. ಮನೆಯಲ್ಲಿ ಐದು ವರ್ಷದ ಮಗಳು ಲಿಖಿತಳಿಗೆ ಸುಮಿತಾ ದಿನವೂ ಹೇಳಿಕೊಡುತ್ತಿದ್ದ ಪಾಠವೇ ಅದು: ಮಿಕ್ಕ ಎಣ್ಣೆ ಚೆಲ್ಲಬಾರದು, ಕೆನ್ನೆಗೆ ಸವರಿಕೊಳ್ಳಬೇಕು. ಬಾಗಿಲಾಚೆ ನಿಂತ ಕಲಾಳಿಗೆ ಕಾಣಲೆಂದೇ, ಮೊಳಕೈವರೆಗೂ ತಿಕ್ಕಿಕೊಂಡಳು.

ಕಲಾ ಎರಡು ಹೆಜ್ಜೆ ಹಿಂದೆ ಸರಿದಳು. ಮುದುಕಿ ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿದಳು.

ಸಂಜೆ ರಾಬರ್ಟ್‌ಸನ್‌ಪೇಟೆಗೆ ಹೊರಟ ಷೇರ್ ಆಟೊದಲ್ಲಿ ಹೂವಿನ ಕುಕ್ಕೆ ಹೊತ್ತವಳೊಬ್ಬಳು ಬಂದು ಸುಮಿತಾಳ ತೊಡೆಯ ಮೇಲೆಯೇ ಕುಳಿತಳು.

“ಅಯ್ಯೋ! ಕಾಣ್ಲಿಲ್ವೇನಮ್ಮ?”

ಹೂವಿನವಳು ತಿರುಗಿದಳು. ಮುಖ ಬಿಳಿಚಿಕೊಂಡಿತು. “ಏನೂ ತಾಕ್ಲೇ ಇಲ್ಲ ಕಣಕ್ಕ,” ಎಂದವಳೇ ನಡುದಾರಿಯಲ್ಲಿ ಇಳಿದುಹೋದಳು.

ಮನೆ. ಪಕ್ಕದ ಮನೆಯಿಂದ ಓಡಿಬಂದ ಲಿಖಿತ ಕೈ ಚಾಚಿದಳು. ಸುಮಿತಾ ಹಿಡಿದುಕೊಂಡಳು.

“ಅಮ್ಮ, ಕೈ ಕೊಡು.”

“ಕೊಟ್ಟಿದೀನಲ್ಲ ಪುಟ್ಟಿ.”

“ಕೊಡು ಅಂದ್ನಲ್ಲ!”

ಮಗುವಿನ ಬೆರಳು ಅವಳ ಮುಷ್ಟಿಯಲ್ಲೇ ಇತ್ತು. ಬೆಚ್ಚಗಿತ್ತು. ಆದರೂ ಆ ಬೆರಳು ಹುಡುಕುತ್ತಿತ್ತು. ಸುಮಿತಾ ಅವಚಿಕೊಂಡಳು. ಬಿಗಿಯಾಗಿ. ಇನ್ನೂ ಬಿಗಿಯಾಗಿ. ಅವಳ ತೋಳೊಳಗೇ ನಿಂತು ಮಗು ಅಳತೊಡಗಿತು. “ನಂಗೆ ಅಮ್ಮ ಬೇಕು.”

ಮರುದಿನ ಬೆಳಗ್ಗೆ ಸುಮಿತಾ ಊರಿಗಾಂಗೆ ಓಡಿದಳು. ಗಂಗರತ್ನಮ್ಮ ಜಗಲಿಯ ಮೇಲಿದ್ದಳು. ಮೈಯ ಪೊರೆ ಹಾಗೇ ಇತ್ತು. ಆದರೆ ಮಡಿಲಲ್ಲಿ ಎದುರುಮನೆಯ ಕೂಸು, ಹಿಂದೆ ಕುಳಿತು ತಲೆ ಬಾಚುವ ಹೆಂಗಸು. ಸುಮಿತಾಳನ್ನು ಕಂಡು ಮುದುಕಿ ಕೂಸನ್ನು ಕೊಟ್ಟು, ಇಬ್ಬರನ್ನೂ ಕಳಿಸಿದಳು.

“ನಮ್ಮಪ್ಪಂಗೂ ಇದೇ ಚರ್ಮ. ಮದ್ವೆಯಾಗಿ ಬಂದಾಗ ನನ್ನ ವಾರಗಿತ್ತಿ ತನ್ನ ಮಗೀಗೆ ಅಂಟ್ತದೆ ಅಂತ ಎದರಿ, ಗಡಿಯಾಚೆ ಓಗಿ ಮಾಟ ಮಾಡ್ಸುದ್ಲು. ನನ್ನ ಮೈ ಯಾರ ಕೈಗೂ ಸಿಕ್ಬಾರ್ದು ಅಂತ. ಎಣ್ಣೆ ನಡುವೆ ಇದ್ರೆ ಮಾತ್ರ ಮುಟ್ಟಿದ್ದು ಗೊತ್ತಾಗ್ತದೆ.”

“ನಾನು ಸವರಿಕೊಂಡಿದ್ದು ನೋಡಿದಿರಿ ನೀವು.”

“ನೋಡ್ದೆ.” ಮುದುಕಿ ತಲೆ ತಗ್ಗಿಸಿದಳು. “ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣವ್ವ. ಒಬ್ರು ಮೈ ಮುಟ್ಟಿ ನಲ್ವತ್ತು ವರ್ಸ ಆಗಿತ್ತು.”

“ಇಳಿಸೋ ದಾರಿ?”

“ನನಗೆ ನೀನು ಇಳಿಸ್ದಂಗೇನೆ. ಯಾರಾದ್ರೂ ನಿಂಗೆ ಅಚ್ಚಿ, ಮಿಕ್ಕಿದ್ದು ಅವರ ಮೈಗೆ…”

ಆ ಸಂಜೆ ಸುಮಿತಾ ಬಾಗಿಲು ಹಾಕಿ, ಬಟ್ಟಲಿಗೆ ಎಣ್ಣೆ ಬಗ್ಗಿಸಿ, ಎರಡೂ ಕೈ ಅದ್ದಿ ಚಾಚಿದಳು. ಲಿಖಿತ ಮುಟ್ಟಿದಳು. ಕಣ್ಣರಳಿತು.

“ಸಿಕ್ತು! ಅಮ್ಮ ಸಿಕ್ಳು!”

ಮಗು ನಗುತ್ತ ಅಮ್ಮನ ಕೈಗೆ, ತೋಳಿಗೆ, ಕತ್ತಿಗೆ ಎಣ್ಣೆ ಬಳಿಯಿತು. ಎಷ್ಟು ಹೊತ್ತೋ. ಬಟ್ಟಲು ಬರಿದಾಯಿತು. ಮಗು ತನ್ನ ಅಂಗೈ ನೋಡಿಕೊಂಡಿತು. ಮಿನುಗುತ್ತಿತ್ತು. ಮಿಕ್ಕಿತ್ತು.

“ಚೆಲ್ಬಾರ್ದು ಅಲ್ವಾಮ್ಮ?”

ಅಂಗೈ ಮೇಲೆದ್ದಿತು. ಗಲ್ಲದ ಬಳಿ. ಕೆನ್ನೆಗೆ ಒಂದು ಬೆರಳಷ್ಟೇ ದೂರ. ಸುಮಿತಾ ಸುಮ್ಮನಿದ್ದರೆ ಸಾಕು. ಕಣ್ಣು ಮುಚ್ಚಿದರೆ ಸಾಕು. ಆ ಮುದುಕಿ ಮಾಡಿದಂತೆ.

ಮಗುವಿನ ಕೈ ಹಿಡಿದಳು. ಎಳೆದಳು. ಬಚ್ಚಲಿಗೆ ಒಯ್ದಳು. “ಒರೆಸು. ಕಲ್ಲಿಗೆ ಒರೆಸು.” ಒಂದೊಂದು ಬೆರಳನ್ನೂ ತಾನೇ ತಿಕ್ಕಿದಳು. ಎಣ್ಣೆ ಕಲ್ಲಿಗೆ ಇಳಿಯಿತು. ಇಬ್ಬರ ಕೈಯೂ ಒಣಗಿತು. ಅವಳ ಮುಷ್ಟಿಯೊಳಗಿದ್ದ ಪುಟ್ಟ ಬೆರಳುಗಳು ಮತ್ತೆ ಹುಡುಕತೊಡಗಿದವು.

“ಅಮ್ಮಾ, ಎಲ್ಹೋದೆ?”

“ಇಲ್ಲೇ ಇದೀನಿ ಕಂದ. ನಾಳೆ ಸಂಜೆ ಮತ್ತೆ ಹಚ್ಚೋಣ. ದಿನಾ ಹಚ್ಚೋಣ.”

ಮಗು ದನಿ ಬಂದ ಕಡೆಗೆ ಕೈ ಚಾಚಿತು. ಅವಳ ಕೆನ್ನೆಯ ಮೇಲೆ ಅಂಗೈಯಿಟ್ಟು, ಅಲ್ಲಿ ಯಾರೂ ಇಲ್ಲವೆಂಬಂತೆ ಸವರಿ, ಹಿಂದಕ್ಕೆ ತೆಗೆದುಕೊಂಡಿತು.