ಕಪ್ಪು ದಾರದ ಹೊಲಿಗೆ

ಯುದ್ಧಕಾಲದ ಪದಕ ಯಾವುದು, ಆಮೇಲೆ ಮಾಡಿದ್ದು ಯಾವುದು ಎಂದು ಗುರುತಿಸುವುದು ನನ್ನ ಹದಿನೈದು ವರ್ಷದ ಹವ್ಯಾಸ. ಪರದೆ ಎಳೆದು, ಪದಕದ ರಿಬ್ಬನ್ನನ್ನು ನೇರಳಾತೀತ ದೀಪದ ಕೆಳಗೆ ಹಿಡಿಯಬೇಕು. ಹಳೆಯ ಹತ್ತಿಯ ದಾರ ಮಂಕಾಗಿಯೇ ಇರುತ್ತದೆ; ಹೊಸ ದಾರ ಬೆಳ್ಳಗೆ ಹೊಳೆಯುತ್ತದೆ.

ಯುದ್ಧದಲ್ಲಿ ಸತ್ತ ತಾತನ ಪದಕ ಕಳೆದ ತಿಂಗಳು ಬೆಳ್ಳಗೆ ಹೊಳೆಯಿತು. ಹರಿದ ರಿಬ್ಬನ್ನಿಗೆ ಅಜ್ಜಿ ಕಪ್ಪು ದಾರದಲ್ಲಿ ಹಾಕಿದ್ದ ಹೊಲಿಗೆಯೂ ಇರಲಿಲ್ಲ. ಅಪ್ಪನ ಮುಖವನ್ನೇ ಕಾಣದ ಅಮ್ಮನಿಗೆ ಉಳಿದಿದ್ದು ಆ ಪದಕವೊಂದೇ. ಅದನ್ನಿಟ್ಟಿದ್ದ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಅಣ್ಣನ ಹತ್ತಿರ.

"ಬದಲಾಯಿಸಿದ್ದು ನೀನೇ ಅಲ್ವಾ?" ಎಂದೆ.

"ನಿನ್ನ ದೀಪಕ್ಕೆ ತಲೆ ಕೆಟ್ಟಿದೆ ಕಣೇ," ಎಂದು ನಕ್ಕ.

ಆ ನಗುವಿಗೆ ಮೈಯೆಲ್ಲ ಉರಿಯಿತು. ಭಾನುವಾರ ಅಮ್ಮನ ಎದುರೇ ತೋರಿಸಿ ಅವನ ಬಣ್ಣ ಬಯಲು ಮಾಡುತ್ತೇನೆಂದು ಪದಕವನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದಿನವೂ ಮಧ್ಯಾಹ್ನ ತೆಗೆದು ದೀಪದ ಕೆಳಗೆ ನೋಡುತ್ತಿದ್ದೆ. ಗುರುವಾರ ಲೋಹ ಬೆಚ್ಚಗಿತ್ತು, ಆಗಷ್ಟೇ ಯಾರೋ ಎದೆಯಿಂದ ಬಿಚ್ಚಿಟ್ಟ ಹಾಗೆ. ರಿಬ್ಬನ್ನಿನ ಅಂಚು ಬೆರಳಗಲ ಮಂಕಾಗಿತ್ತು. ಶನಿವಾರದ ಹೊತ್ತಿಗೆ ಅರ್ಧ ರಿಬ್ಬನ್ ಹೊಳೆಯುವುದನ್ನು ನಿಲ್ಲಿಸಿತ್ತು.

ಭಾನುವಾರ ದೀಪ ಹಚ್ಚಿದಾಗ ಅದು ಎಲ್ಲೂ ಹೊಳೆಯಲಿಲ್ಲ. ಮಧ್ಯದಲ್ಲಿ ಕಪ್ಪು ಹೊಲಿಗೆ ಇತ್ತು. ಅಮ್ಮ ಅದನ್ನು ಸವರಿ, "ಇದೇ ಅಲ್ವೇನೇ? ಸುಮ್ಮನೆ ಅಣ್ಣನ ಮೇಲೆ ಯಾಕೆ ಗೂಬೆ ಕೂರಿಸ್ತೀಯ?" ಎಂದಳು.

ಅಣ್ಣ ನಗಲಿಲ್ಲ. ನನ್ನನ್ನು ಹೊರಗೆ ಕರೆದು, "ನಾನದನ್ನ ಮಾರಿದ್ದು ನಿಜ ಕಣೇ," ಎಂದ.

ಅವನನ್ನು ನಾನಿನ್ನೂ ಕ್ಷಮಿಸಿಲ್ಲ. ಅಜ್ಜಿ ಸತ್ತು ಇಪ್ಪತ್ತು ವರ್ಷವಾಯಿತು. ಅಂದು ನನ್ನ ಬೆರಳಿಗೆ ತಾಗಿದ ಆ ಕಪ್ಪು ದಾರದ ತುದಿ, ಹಲ್ಲಿನಿಂದ ಆಗಷ್ಟೇ ಕಡಿದಂತೆ, ಎಂಜಲಿನಿಂದ ಒದ್ದೆಯಾಗಿತ್ತು.